‘ದೇಹದ ಸೈನಿಕ’: ಈ ಹೋಲಿಕೆ ಎಷ್ಟು ಸರಿ?

ಬಿಳಿ ರಕ್ತಕಣಗಳು ದೇಹವನ್ನು ಕಾಯುವ ಸೈನಿಕರು. ಈ ಹೋಲಿಕೆಯನ್ನು ತರಗತಿಯಲ್ಲಿ ನೀವು ಹೇಳಿರುತ್ತೀರಿ, ಇಲ್ಲವೇ ಕೇಳಿರುತ್ತೀರಿ. ಮಕ್ಕಳ ಮಧ್ಯಕಿವಿಯ ಸೋಂಕನ್ನು ವಿವರಿಸಲು ಇದು ಸಾಕೆ? ಪರಿಶೀಲಿಸೋಣ.

ಮಧ್ಯಕಿವಿಯನ್ನು ಮೂಗಿನ ಹಿಂಭಾಗಕ್ಕೆ ಸೇರಿಸುವ ಯುಸ್ಟೇಶಿಯನ್ ನಾಳ ಮಕ್ಕಳಲ್ಲಿ ಗಿಡ್ಡವಾಗಿದ್ದು ಹೆಚ್ಚು ಅಡ್ಡವಾಗಿರುತ್ತದೆ. ಆದ್ದರಿಂದ ನೆಗಡಿಯಾದಾಗ ಬ್ಯಾಕ್ಟೀರಿಯಾಗಳು ಸುಲಭವಾಗಿ ಒಳಸೇರುತ್ತವೆ. ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಧಾವಿಸಿ ಬಂದು ಅವನ್ನು ನುಂಗುತ್ತವೆ. ಇಲ್ಲಿಯವರೆಗೆ ಹೋಲಿಕೆ ಸರಿ.

ನ್ಯೂಟ್ರೊಫಿಲ್ ತನ್ನದೇ ಡಿಎನ್‌ಎಯನ್ನು ಹೊರಚೆಲ್ಲಿ ಬಲೆ ಹೆಣೆಯುತ್ತದೆ ಎಂಬುದು 2004ರಲ್ಲಿ ತಿಳಿಯಿತು. ಪದೇ ಪದೇ ಸೋಂಕಿಗೆ ಒಳಗಾದ ಮಕ್ಕಳ ಮಧ್ಯಕಿವಿಯ ದ್ರವದಲ್ಲಿ ಇಂಥ ಬಲೆಗಳನ್ನೂ ಬ್ಯಾಕ್ಟೀರಿಯಾಗಳ ಜೈವಿಕ ಪೊರೆಯನ್ನೂ ಆಸ್ಟ್ರೇಲಿಯದ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಡಿಎನ್‌ಎ ಎಳೆಗಳು ದ್ರವವನ್ನು ಅಂಟಂಟಾಗಿಸುತ್ತವೆ. ಪೊರೆಯೊಳಗಿನ ಬ್ಯಾಕ್ಟೀರಿಯಾಗಳು ಪ್ರತಿಜೀವಕಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಅಂದರೆ ಸೈನಿಕನ ಆಯುಧವೇ ಶತ್ರುವಿಗೆ ಆಸರೆಯಾಗಬಹುದು!

ಹಾಗೆಂದು ಈ ಹೊಸ ವಿವರಣೆಯನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಇಂಥ ಮಾದರಿಗಳನ್ನು ಶಸ್ತ್ರಚಿಕಿತ್ಸೆಯ ವೇಳೆ ಪಡೆಯಲಾಗುತ್ತದೆ. ಅಂದರೆ ಅವು ರೋಗ ಬಲಿತ ಮಕ್ಕಳವು. 2006ರ ಅಮೆರಿಕದ ಅಧ್ಯಯನವೊಂದರಲ್ಲಿ ರೋಗಪೀಡಿತ ಮಕ್ಕಳ 50 ಮಾದರಿಗಳ ಪೈಕಿ 46ರಲ್ಲಿ ಜೈವಿಕ ಪೊರೆ ಕಂಡಿತು. ಹೋಲಿಕೆಗಿದ್ದ ಮಾದರಿಗಳು ಕೇವಲ 8. ಮೇಲಾಗಿ, ಒಂದು ಕ್ಷಣದ ಚಿತ್ರದಿಂದ ಕ್ರಮ ತಿಳಿಯದು. ಬಲೆಯಿಂದ ರೋಗ ಉಳಿಯಿತೆ, ರೋಗ ಉಳಿದದ್ದರಿಂದ ಬಲೆ ಕೂಡಿತೆ? ಡಿಎನ್‌ಎ ಕತ್ತರಿಸುವ ಕಿಣ್ವ ಪ್ರಯೋಗಾಲಯದಲ್ಲಿ ಈ ಎಳೆಗಳನ್ನು ಒಡೆಯುತ್ತದೆ, ನಿಜ. ಆದರೆ ಗಾಜಿನ ತಟ್ಟೆ ಮಗುವಿನ ಕಿವಿಯಲ್ಲ.

ಇದು ಬರೀ ಪದಗಳ ಚರ್ಚೆಯಲ್ಲ. ‘ಸೈನಿಕ’ನ ಕಥೆ ಶತ್ರು ಸತ್ತೊಡನೆ ಮುಗಿಯುತ್ತದೆ. ಕಿವಿಯಲ್ಲಿ ಹಾಗಲ್ಲ. ನೋವು, ಜ್ವರ ಇಳಿದ ಮೇಲೂ ದ್ರವ ವಾರಗಟ್ಟಲೆ ಉಳಿಯಬಹುದು. ಆಗ ಕಿವಿತಮಟೆ ಸರಿಯಾಗಿ ಕಂಪಿಸದು. ಮೆಲುಮಾತು ಮಗುವಿಗೆ ಕೇಳಿಸದು. ಶಿಕ್ಷಕರೇ, ಕರೆದರೆ ಓಗೊಡದ ವಿದ್ಯಾರ್ಥಿಯನ್ನು ‘ಗಮನವಿಲ್ಲದವ’ ಎನ್ನುವ ಮುನ್ನ ಅವನ ಶ್ರವಣ ಪರೀಕ್ಷೆ ಮಾಡಿಸಿ.

ಹೋಲಿಕೆಯನ್ನು ಬಿಡಬೇಕಾಗಿಲ್ಲ, ತಿದ್ದಿಕೊಳ್ಳೋಣ. ಕಾಳಗ ಮುಗಿದ ಮೇಲೆ ರಣರಂಗ ತೆರವಾಗಬೇಕು. ಸತ್ತ ನ್ಯೂಟ್ರೊಫಿಲ್‌ಗಳನ್ನು ನುಂಗಿ ತೆಗೆಯುವ ಮ್ಯಾಕ್ರೊಫೇಜ್‌ಗಳ ಪಾತ್ರವನ್ನೂ ಪಾಠಕ್ಕೆ ಸೇರಿಸಿ. ಜೊತೆಗೆ ವಿದ್ಯಾರ್ಥಿಗಳನ್ನು ಕೇಳಿ: ಬಲೆ ರೋಗದ ಕಾರಣವೋ, ಪರಿಣಾಮವೋ? ಅದನ್ನು ತಿಳಿಯಲು ಎಂಥ ಪ್ರಯೋಗ ಬೇಕು?