ಅವ್ವನ ಬಣ್ಣ

ನಮ್ಮ ಪಡಸಾಲೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿರುವ ಹೆಣ್ಣುಮಗಳು ನಮ್ಮವ್ವ ಎಂದು ಬಂದವರೆಲ್ಲ ಕೈಮುಗಿಯುತ್ತಾರೆ. ನನಗೆ ಮಾತ್ರ ಅವಳ ಗುರುತು ಸಿಗುವುದಿಲ್ಲ. ಅವ್ವ ತೀರಿಕೊಂಡಾಗ ಮನೆಯಲ್ಲಿ ಅವಳದೊಂದು ಬಿಡಿ ಫೋಟೋ ಇರಲಿಲ್ಲ. ಅಕ್ಕನ ಮದುವೆಯ ಗುಂಪಿನಲ್ಲಿ ಯಾರದೋ ರುಮಾಲಿನ ಹಿಂದಿನಿಂದ ಇಣುಕಿದ್ದ ಮುಖವನ್ನು ಸ್ಟುಡಿಯೋದವರು ಕತ್ತರಿಸಿ, ದೊಡ್ಡದು ಮಾಡಿ, ತಿದ್ದಿ ಕೊಟ್ಟರು. ಅವ್ವ ಎಣ್ಣೆಗಪ್ಪು, ಗೋಡೆಯವಳು ಗೋಧಿ ಬಣ್ಣ. ಒಲೆಯ ಕೊಳ್ಳಿ ತಾಗಿ ಹುಬ್ಬಿನ ಮೇಲೆ ಉಳಿದಿದ್ದ ಕಲೆ ಮಾಯ. ಕೇಳಿದರೆ, ‘ನೀಟ್ ಮಾಡೀವ್ರಿ’ ಅಂದರು.

ನಮ್ಮ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲವೆಂದಲ್ಲ. ಅಣ್ಣನ ಹತ್ತಿರ ಇತ್ತು. ಪ್ರತಿ ವರ್ಷ ಕೊಟ್ಟೂರೇಶ್ವರನ ತೇರಿಗೆ 36 ಫೋಟೋದ ರೀಲು ಹಾಕಿಸುತ್ತಿದ್ದ. ತೇರು ಬಂತು, ಜನ ಬಂದರು, ಗೆಳೆಯರು ಬಂದರು. ಆ ದಿನ ಬಂದವರಿಗೆಲ್ಲ ಅಡುಗೆ ಮಾಡಿ ಹಾಕಿದವಳು ಒಂದರಲ್ಲೂ ಬರಲಿಲ್ಲ. ಹಂಪಿಯ ಕಲ್ಲುಗಳನ್ನು ಗ್ರೀನ್‌ಲಾ ಎಂಬ ಇಂಗ್ಲಿಷ್ ಸೇನಾಧಿಕಾರಿ 1856ರಲ್ಲಿಯೇ, ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ, ಫೋಟೋ ಹಿಡಿದಿದ್ದ. ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಕಲ್ಲಿಗೇ ಸಾಧ್ಯವಿತ್ತು ಅನ್ನಿ. ಆದರೂ ಹೊಟ್ಟೆಕಿಚ್ಚಾಗುತ್ತದೆ.

ಹಡಗಲಿಯಲ್ಲಿ ನಮ್ಮ ದೊಡ್ಡವ್ವ ಇದ್ದಳು. ಅವ್ವನದೇ ಬಣ್ಣ, ಅವ್ವನದೇ ಮೂಗು. ಅವಳೂ ಹಾಗೆಯೇ ಹೋಗಿಬಿಟ್ಟರೆ ಎಂಬ ಹೆದರಿಕೆಯಿಂದ 2011ರಲ್ಲಿ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಹೊಸಪೇಟೆಗೆ ಹೋದೆ. ಕೂಡಿಟ್ಟ ದುಡ್ಡು 8,000 ರೂಪಾಯಿ. ಜೊತೆಗೆ ಮಗ.

ಅಂಗಡಿಯ ಹುಡುಗ ನನ್ನನ್ನು ಬಿಟ್ಟು ಮಗನಿಗೆ ಹೇಳತೊಡಗಿದ. ‘ಇದು 14 ಮೆಗಾಪಿಕ್ಸೆಲ್ ಐತಿ, ಇದು 16.’

‘ತಮ್ಮಾ, ಕೊಳ್ಳಾಕಿ ನಾನು’ ಅಂದೆ.

ಈ ಮೆಗಾಪಿಕ್ಸೆಲ್ಲಿನ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋಗಿದ್ದೆ. ನಾವು ಆಲ್ಬಮ್ಮಿಗೆ ಹಾಕಿಸುವುದು ಉದ್ದ 6, ಅಗಲ 4 ಅಂಗುಲದ ಪ್ರಿಂಟು. ಅಂಗುಲಕ್ಕೆ 300 ಚುಕ್ಕೆಯಂತೆ ಹಿಡಿದರೆ 1,800ನ್ನು 1,200ರಿಂದ ಗುಣಿಸಬೇಕು; ಸುಮಾರು 22 ಲಕ್ಷ, ಅಂದರೆ 2 ಮೆಗಾಪಿಕ್ಸೆಲ್ಲಿಗೆ ಸ್ವಲ್ಪ ಹೆಚ್ಚು. ಗೋಡೆಗೆ ಹಾಕುವ 12–8 ಅಂಗುಲದ ಪಟಕ್ಕೂ 9 ಸಾಕು. ಮಿಕ್ಕದ್ದು ಸೀರೆಯ ಅಂಗಡಿಯವರು ಹೇಳುವ ಜರಿಯ ತೂಕದ ಹಾಗೆ. ಅವರು ಹೇಳದ ಅಂಕಿಯೊಂದು ಲೆನ್ಸಿನ ಸುತ್ತ ಸಣ್ಣಕ್ಷರದಲ್ಲಿರುತ್ತದೆ. 2.8 ಎಂದಿದ್ದರೆ 5.6ಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹೆಂಗಸರು ಹೊತ್ತು ಕಳೆಯುವುದು ಅಡುಗೆಮನೆಯಲ್ಲಿ, ನಡುಮನೆಯಲ್ಲಿ, ಹಿತ್ತಿಲ ಬಾಗಿಲಲ್ಲಿ. ಅಲ್ಲಿ ಬೇಕಾಗುವುದು ಆ ಅಂಕಿ. ಜಾಹೀರಾತಿನವರಿಗೆ ಬೆಟ್ಟ, ಹುಲಿ, ಸಮುದ್ರ ಬೇಕು. ಅದಕ್ಕೇ ಜೂಮ್ ಜೂಮ್ ಎಂದು ಕೂಗುತ್ತಾರೆ.

ಹುಡುಗ ಸೋಲಲಿಲ್ಲ. ‘ಇದರಾಗ ಬ್ಯೂಟಿ ಅಂತ ಐತ್ರಿ, ಒತ್ತಿದ್ರ ಮುಖ ಬೆಳ್ಳಗ ಬರ್ತೈತಿ’ ಎಂದು ನನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ. ನೋಡಿದೆ. ನಮ್ಮ ಗೋಡೆಯವಳ ತಂಗಿ! ಸ್ಟುಡಿಯೋದವರು ಕುಂಚ ಹಿಡಿದು ಅರ್ಧ ದಿನ ಮಾಡಿದ್ದ ಕೆಲಸವನ್ನು ಅದು ರೆಪ್ಪೆ ಬಡಿಯುವುದರೊಳಗೆ ಮಾಡಿತ್ತು. ಈಗ ಅಂಥ ಪುಟ್ಟ ಕ್ಯಾಮೆರಾಗಳನ್ನು ಕೇಳುವವರು ಕಡಿಮೆ, ಫೋನೇ ಕ್ಯಾಮೆರಾ. ಅದರಲ್ಲೂ ಆ ಗುಂಡಿ ಇದೆ. ಕೆಲವದರಲ್ಲಿ ನಾವು ಕೇಳದಿದ್ದರೂ ತನ್ನಷ್ಟಕ್ಕೆ ತಿದ್ದಿಬಿಡುತ್ತದೆ. ಕಪ್ಪು ಎನ್ನುವುದು ಫೋಟೋದ ದೋಷ ಎಂದು ಇವರಿಗೆ ಯಾರು ಹೇಳಿಕೊಟ್ಟರೋ.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ನೀವು ನೋಡಿರಬಹುದು. ಅವರು ಹಿಡಿದ ಮಕ್ಕಳ ಫೋಟೋಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ದುಡಿಯುವವರು, ಮುದುಕಿಯರು, ಬರಿಮೈಯ ಮಕ್ಕಳು. ಯಾರ ಮುಖವನ್ನೂ ಅವರು ‘ನೀಟ್’ ಮಾಡಲಿಲ್ಲ. ಆ ಚಿತ್ರಗಳ ಮುಂದೆ ನಮ್ಮ ಊರುಗಳ ಹಾರ ಹಾಕಿದ ಪಟಗಳೆಲ್ಲ ಒಂದೇ ಅಚ್ಚಿನ ಬೊಂಬೆಗಳಂತೆ ಕಾಣುತ್ತವೆ.

ಅಂಗಡಿಯ ಒಳಮೂಲೆಯಲ್ಲಿ, ಫ್ಲ್ಯಾಷ್ ಆರಿಸಿ, ಕಸ ಗುಡಿಸುತ್ತಿದ್ದ ಅಜ್ಜಿಯನ್ನು ಕೇಳಿಕೊಂಡು ಮೂರು ಕ್ಯಾಮೆರಾಗಳಲ್ಲಿ ಅವಳ ಫೋಟೋ ತೆಗೆದು ನೋಡಿದೆ. ಎರಡರಲ್ಲಿ ಅವಳ ಮುಖ ಬೂದಿಯಾಗಿತ್ತು. ಮೂರನೆಯದನ್ನು ಕೊಂಡೆ. 12 ಮೆಗಾಪಿಕ್ಸೆಲ್ಲಿನದು, ಮಗನಿಗೆ ನಾಲ್ಕು ದಿನ ಬೇಜಾರು.

ಹಡಗಲಿಯಲ್ಲಿ ದೊಡ್ಡವ್ವ ಬಾಗಿಲ ಬೆಳಕಿಗೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ‘ತಡಿಯಬೇ, ಪೌಡರ್ ಹಚ್ಚಿಕೊಂಡು ಬರ್ತೀನಿ’ ಅಂದಳು. ಬೇಡವೆಂದು ಕೂಡಿಸಲು ಸಾಕಾಯಿತು. ಚೆನ್ನಾಗಿ ಬಂತು. ಆದರೆ ಪ್ರಿಂಟಿಗೆ ಕೊಟ್ಟ ಕಡೆಯವರು ರೂಢಿಯಂತೆ ಬೆಳ್ಳಗೆ ಮಾಡಿಯೇ ಕೊಟ್ಟರು. ‘ಬಣ್ಣ ಮುಟ್ಟಬೇಡಿ’ ಎಂದು ಚೀಟಿ ಬರೆದು ವಾಪಸು ಕಳಿಸಿ, ಎರಡನೇ ಸಲ ದುಡ್ಡು ಕೊಟ್ಟೆ.

ದೊಡ್ಡವ್ವ ಅದನ್ನು ಬಾಗಿಲ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ಹಲ್ಲು ಹೋಗಿದ್ದು ಕಾಣಸ್ತಾವಲ್ಲಬೇ’ ಅಂದಳು. ಆಮೇಲೆ ಎದ್ದುಹೋಗಿ ಕನ್ನಡಿಯ ಚೌಕಟ್ಟಿಗೆ ಸಿಗಿಸಿ ಬಂದು, ಮತ್ತೆ ಹೂವಿಗೆ ಕೂತಳು.