ಪ್ರೊಸೆಸರಿನ ವೇಗ ಮತ್ತು ಆಯುಷ್ಯ : ಒಂದು ವಿಮರ್ಶೆ

ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚಾಗಿ ಓಡಿಸಿದರೆ, ಅಂದರೆ ಓವರ್‌ಕ್ಲಾಕ್ ಮಾಡಿದರೆ, ಅದರ ಆಯುಷ್ಯ ಕುಗ್ಗುತ್ತದೆಂಬುದು ಪ್ರಚಲಿತವಾದ ಅಭಿಪ್ರಾಯ. ಬಿಸಿಯೇರದಂತೆ ನೋಡಿಕೊಂಡರೆ ಹಾನಿಯೇ ಇಲ್ಲವೆಂಬುದು ಹವ್ಯಾಸಿಗಳ ವಾದ. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ಎರಡೂ ಅಪೂರ್ಣವಾದುವು.

ಮೊದಲನೆಯದರ ದೋಷವೆಂದರೆ ವೇಗವನ್ನೂ ವೋಲ್ಟೇಜನ್ನೂ ಒಂದೇ ಎಂದು ಭಾವಿಸುವುದು. ಚಿಪ್ಪಿನಲ್ಲಿ ಹುಟ್ಟುವ ಶಾಖದ ಬಹುಭಾಗವು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನು ಮಾತ್ರ ಶೇ. 10ರಷ್ಟು ಏರಿಸಿದರೆ ಈ ಶಾಖವೂ ಶೇ. 10ರಷ್ಟೇ ಏರುತ್ತದೆ. ಅದರೊಡನೆ ವೋಲ್ಟೇಜನ್ನು 1.20ರಿಂದ 1.35ಕ್ಕೆ ಹೆಚ್ಚಿಸಿದರೆ ಏರಿಕೆ ಶೇ. 39ನ್ನು ಮುಟ್ಟುತ್ತದೆ.

ಎರಡನೆಯದು ಶಾಖವೊಂದನ್ನೇ ಗಣಿಸುತ್ತದೆ. ಎಲೆಕ್ಟ್ರಾನುಗಳ ನೂಕಿಗೆ ಲೋಹದ ಪರಮಾಣುಗಳು ಸ್ಥಳಬಿಟ್ಟು ಸರಿದು ತಂತುಗಳು ಸವೆಯುವುದುಂಟು. ಜೇಮ್ಸ್ ಬ್ಲ್ಯಾಕ್ 1969ರಲ್ಲಿ ವಿವರಿಸಿದಂತೆ, ಈ ಸವೆತವು ಉಷ್ಣತೆಯನ್ನಲ್ಲದೆ ವಿದ್ಯುತ್ಪ್ರವಾಹದ ಸಾಂದ್ರತೆಯನ್ನೂ ಅವಲಂಬಿಸಿದೆ. ಟ್ರಾನ್ಸಿಸ್ಟರಿನ ತೆಳುವಾದ ಅವಾಹಕ ಪದರವಾದರೋ ವೋಲ್ಟೇಜಿನ ಅಲ್ಪ ಏರಿಕೆಯಿಂದಲೂ ಬಹುಬೇಗ ಶಿಥಿಲವಾಗುತ್ತದೆ. ತಂಪುಗೊಳಿಸಿದ ಮಾತ್ರಕ್ಕೆ ಆ ಪದರದ ಮೇಲಿನ ಒತ್ತಡ ತಗ್ಗುವುದಿಲ್ಲ.

ಇದಕ್ಕೆ ಸ್ಪಷ್ಟ ನಿದರ್ಶನ 2024ರಲ್ಲಿ ದೊರೆಯಿತು. ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು, ಓವರ್‌ಕ್ಲಾಕ್ ಮಾಡದಿದ್ದರೂ, ಅಸ್ಥಿರವಾದುವು. ಅವು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಬೇಡುತ್ತಿದ್ದುದು ಮುಖ್ಯ ಕಾರಣಗಳಲ್ಲಿ ಒಂದೆಂದು ಸಂಸ್ಥೆಯೇ ತಿಳಿಸಿತು. ಮೈಕ್ರೋಕೋಡನ್ನು ತಿದ್ದಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಆಗಲೇ ಕೆಟ್ಟ ಚಿಪ್ಪುಗಳನ್ನು ಆ ತಿದ್ದುಪಡಿ ಗುಣಪಡಿಸಲಾರದಾಯಿತು. ಆದುದರಿಂದ ಕಾರ್ಖಾನೆಯ ನಿಗದಿಯೆಂದ ಮಾತ್ರಕ್ಕೆ ನಿರಪಾಯವೆಂದು ನಂಬಲಾಗದು.

ಮಂಗಳೂರಿನಂತಹ ಕರಾವಳಿ ನಗರದಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ತ್ವವುಂಟು. ಇಲ್ಲಿ ಬೇಸಗೆಯ ಹಗಲು 33 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ರಾತ್ರಿಯೂ ಹೆಚ್ಚು ತಣಿಯುವುದಿಲ್ಲ. ಗಾಳಿಯಿಂದ ತಂಪುಗೊಳ್ಳುವ ಚಿಪ್ಪು ಕೋಣೆಯ ಉಷ್ಣತೆಗಿಂತ ಕೆಳಗಿಳಿಯಲಾರದು. 24 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ ಸುರಕ್ಷಿತವೆಂದ ಕ್ರಮವು ಇಲ್ಲಿ ಸುಮಾರು ಒಂಬತ್ತು ಡಿಗ್ರಿ ಹೆಚ್ಚು ಬಿಸಿಯನ್ನು ತರುತ್ತದೆ. ಅನ್ಯಪ್ರದೇಶಗಳ ಅಂಕಿಗಳನ್ನು ಹಾಗೆಯೇ ಅನುಸರಿಸುವುದು ಯುಕ್ತವಲ್ಲ.

ವರ್ಷಾನುಗಟ್ಟಲೆ ಬಾಳಬೇಕಾದ ಕಾಲೇಜು ಪ್ರಯೋಗಶಾಲೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಸ್ವಯಂಚಾಲಿತ ವೋಲ್ಟೇಜನ್ನು ಪರಿಶೀಲಿಸಿ, ಸ್ಥಿರತೆಗೆ ಸಾಕಾಗುವಷ್ಟಕ್ಕೇ ಮಿತಗೊಳಿಸುವುದು ಲೇಸು. ಚಿಪ್ಪಿನ ಆಯುಷ್ಯವನ್ನು ಅಳೆಯುವಾಗ ವೇಗದ ಅಂಕಿಗಿಂತ ಮೊದಲು ನೋಡಬೇಕಾದುದು ವೋಲ್ಟೇಜಿನ ಅಂಕಿ.