ಸಸ್ಯೌಷಧಿಯ ಸಾಕ್ಷ್ಯ: ಸೋಯಾ ಅವರೆಯನ್ನು ಕುರಿತು ಒಂದು ವಿಮರ್ಶೆ

ವೈದ್ಯವಿಷಯಕವಾದ ಕನ್ನಡ ಬರಹಗಳಲ್ಲಿ ‘ಗುಣಪಡಿಸುತ್ತದೆ’ ಎಂಬ ಕ್ರಿಯಾಪದವು ಧಾರಾಳವಾಗಿ ಬಳಕೆಯಾಗುತ್ತಿದೆ. ಅದು ಯಾವ ಸಾಕ್ಷ್ಯದ ಬಲದಿಂದ ನಿಂತಿದೆಯೆಂದು ವಿಚಾರಿಸುವುದು ಅಪರೂಪ. ಸೋಯಾ ಅವರೆಯಲ್ಲಿರುವ ಜೆನಿಸ್ಟೀನ್ ಮೊದಲಾದ ಐಸೊಫ್ಲೇವೋನುಗಳು ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕೆ ಮದ್ದೆಂಬ ಮಾತನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಸಾಕ್ಷಿಯನ್ನು ಹೆಸರಿಸಿ ಸಸ್ಯಗುಣವನ್ನು ಹೇಳುವ ಪದ್ಧತಿ ನಮ್ಮ ಪಶ್ಚಿಮ ಕರಾವಳಿಗೆ ಹೊಸದಲ್ಲ. ಕೊಚ್ಚಿಯಲ್ಲಿ ಡಚ್ ಅಧಿಕಾರಿ ವಾನ್ ರೀಡನು ಸಿದ್ಧಪಡಿಸಿದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಬ್ರಾಹ್ಮಣರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ—ಇವರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಅದರಲ್ಲಿವೆ. ಕೆ. ಎಸ್. ಮಣಿಲಾಲರ ಇಂಗ್ಲಿಷ್ ಅನುವಾದವನ್ನು ತಿರುವನಂತಪುರದ ಕೇರಳ ವಿಶ್ವವಿದ್ಯಾನಿಲಯವು 2003ರಲ್ಲಿ ಹೊರತಂದಿತು. ಇಂದಿನ ಬರಹಗಾರನಿಗೂ ಈ ಶಿಸ್ತು ಅನುಕರಣೀಯವಾಗಿದೆ.

ಸೋಯಾದ ಪರವಾಗಿ ಬರುವ ಸಾಕ್ಷ್ಯವು ಮೂರು ಬಗೆಯದು. ಸೋಯಾ ಉಣ್ಣುವ ಜಪಾನ್, ಚೀನಾಗಳಲ್ಲಿ ಈ ರೋಗವು ಪಾಶ್ಚಾತ್ಯ ದೇಶಗಳಿಗಿಂತ ಕಡಮೆಯೆಂಬುದು ಮೊದಲನೆಯದು. ಆದರೆ ಆ ಜನರ ಆಹಾರವಿಹಾರಗಳಲ್ಲಿ ಬೇರೆ ಭೇದಗಳೂ ಉಂಟಷ್ಟೆ. ಎರಡನೆಯದು ಪ್ರಯೋಗಶಾಲೆಯದು. ಜೆನಿಸ್ಟೀನ್, ಟೈರೋಸಿನ್ ಕೈನೇಸ್ ಎಂಬ ಕಿಣ್ವಗಳನ್ನು ತಡೆಯುವುದೆಂದು 1987ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಅರ್ಬುದಕೋಶಗಳ ವೃದ್ಧಿಯೂ ಅದರಿಂದ ಕುಂದುವುದು. ಆದರೆ ಇಂಥ ಪ್ರಯೋಗಗಳಲ್ಲಿ ಬಳಸುವ ಪ್ರಮಾಣವು ಸಾಮಾನ್ಯವಾಗಿ ಊಟದಿಂದ ರಕ್ತಕ್ಕೆ ಸೇರುವುದಕ್ಕಿಂತ ಬಹಳ ಹೆಚ್ಚಿನದು.

ಮೂರನೆಯದಾದ ರೋಗಿಗಳ ಸಾಕ್ಷ್ಯವೇ ನಿರ್ಣಾಯಕವಾದುದು. ಗ್ರಂಥಿಯನ್ನು ತೆಗೆಸಿಕೊಂಡಿದ್ದು, ರೋಗ ಮರುಕಳಿಸುವ ಸಂಭವ ಹೆಚ್ಚಾಗಿದ್ದ 177 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲ 2013ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳವರೆಗೆ ದಿನಕ್ಕೆ 20 ಗ್ರಾಂ ಸೋಯಾ ಪ್ರೋಟೀನನ್ನು ಒಂದು ಗುಂಪಿಗೂ, ಹಾಲಿನ ಪ್ರೋಟೀನನ್ನು ಮತ್ತೊಂದಕ್ಕೂ ಕೊಡುವ ಏರ್ಪಾಡಿತ್ತು. ಮರುಕಳಿಕೆಯು ಮೊದಲ ಗುಂಪಿನಲ್ಲಿ ನೂರಕ್ಕೆ 27.2, ಎರಡನೆಯದರಲ್ಲಿ 29.5. ಈ ಅಂತರವು ಆಕಸ್ಮಿಕವಲ್ಲವೆಂದು ಹೇಳಲು ಆಧಾರವಿಲ್ಲ. ಉಪಯೋಗ ಕಾಣದೆ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಹಾಗೆಂದು ಸಸ್ಯಶೋಧವೇ ವ್ಯರ್ಥವೆನ್ನಲಾಗದು. ಯೂ ಮರದ ಎಲೆಯ ದ್ರವ್ಯದಿಂದ ಸಿದ್ಧವಾಗುವ ಡೋಸಿಟ್ಯಾಕ್ಸೆಲ್, ಹರಡಿದ ಪ್ರಾಸ್ಟೇಟ್ ಅರ್ಬುದದಲ್ಲಿ ಆಯುಸ್ಸನ್ನು ಹೆಚ್ಚಿಸುವುದೆಂದು 2004ರಲ್ಲಿ ರೋಗಿಗಳಲ್ಲಿಯೇ ಸಿದ್ಧವಾಯಿತು. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದ ಸಂಶೋಧಕರು ಗಣಿಕೆ ಸೊಪ್ಪಿನಿಂದ ಬೇರ್ಪಡಿಸಿದ ಉಟ್ರೊಸೈಡ್-ಬಿ ಯಕೃತ್ತಿನ ಅರ್ಬುದವನ್ನು ಇಲಿಗಳಲ್ಲಿ ಕುಗ್ಗಿಸಿತೆಂದು 2016ರಲ್ಲಿ ವರದಿಯಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2021ರಲ್ಲಿ ಅದಕ್ಕೆ ವಿರಳ ರೋಗಗಳ ಔಷಧಕ್ಕೆ ಸಲ್ಲುವ ಮಾನ್ಯತೆಯನ್ನಿತ್ತಿತು. ಅದು ಮಾರಾಟದ ಅಪ್ಪಣೆಯಲ್ಲ; ಸೊಪ್ಪಿನ ಹುಳಿ ಉಂಡರೆ ರೋಗ ವಾಸಿಯಾಗುವುದೆಂದೂ ಅದರ ಅರ್ಥವಲ್ಲ.

ತಟ್ಟೆಯ ಕೋಶಗಳನ್ನು ಕುರಿತು ‘ವೃದ್ಧಿಯನ್ನು ತಡೆಯಿತು’ ಎಂದೇ ಬರೆಯೋಣ. ಇಲಿಯ ವಿಷಯವಾದರೆ ಇಲಿಯ ಹೆಸರನ್ನು ಹೇಳೋಣ. ‘ಗುಣಪಡಿಸುತ್ತದೆ’ ಎಂಬ ಮಾತು ರೋಗಿಗಳ ಸಾಕ್ಷ್ಯಕ್ಕೆ ಮೀಸಲಾಗಿರಲಿ. ಅದನ್ನು ನಂಬಿ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕುವವನು ನಮ್ಮ ವಾಚಕನೇ ಆಗಿರಬಹುದು.